ಮ್ಯಾಲಿನ ಗಾಡಿ ಒಂದನೇ ನಂಬರ

ಅವ್ವನನ್ನು ನಾನೇ ರೈಲು ಹತ್ತಿಸಿದೆ. ಆಕೆಯ ಗಂಟನ್ನು ಬಾಕಿನ ಕೆಳಗೆ ತಳ್ಳಿದವಳೂ ನಾನೇ. ಆ ರೈಲು ತಪ್ಪು ದಿಕ್ಕಿಗೆ ಹೊರಟಾಗ ಗಾಡಿಯ ಹಿಂದೆ ನಾಲ್ಕು ಹೆಜ್ಜೆ ಓಡಿದೆನಂತೆ. ಅದು ನನಗೆ ನೆನಪಿಲ್ಲ, ಯಾರೋ ಆಮೇಲೆ ಹೇಳಿದ್ದು.

ಯುದ್ಧ ನಡೆದಿದ್ದ ಕಾಲ. ನನಗಾಗ ಇಪ್ಪತ್ತೊಂದು ವರ್ಷ. ಕನ್ನಡ ಏಳನೆಯ ಇಯತ್ತೆ ಪಾಸಾಗಿ ಬಬಲೇಶ್ವರದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಭೂಗೋಳವೆಂದರೆ ನನಗೆ ಬಲು ಹುರುಪು. ಗೋಡೆಗೆ ನಕಾಶೆ ತೂಗುಹಾಕಿ, ಮೇಲೆ ಉತ್ತರ, ಕೆಳಗೆ ದಕ್ಷಿಣ ಎಂದು ಹುಡುಗಿಯರ ಬಾಯಲ್ಲಿ ಹತ್ತು ಸಲ ಹೇಳಿಸುತ್ತಿದ್ದೆ. ಅವ್ವ ತಿಕೋಟಾದಲ್ಲಿ ಅಣ್ಣನ ಮನೆಯಲ್ಲಿದ್ದಳು. ಆಕೆಯ ಬಲಗಣ್ಣಿಗೆ ಪೂರಾ ಪೊರೆ ಬಂದಿತ್ತು; ಎಡಗಣ್ಣಿಗೆ ಬಣ್ಣಗಳು ಮಾತ್ರ ತಿಳಿಯುತ್ತಿದ್ದವು. ಹೋಟಗಿಯಲ್ಲಿದ್ದ ನನ್ನ ಅಕ್ಕನಿಗೆ ದಿನ ತುಂಬಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಅವಳು ತವರಿಗೆ ಬರುವಂತಿರಲಿಲ್ಲ, ಹಾಗಾಗಿ ಅವ್ವನೇ ಹೊರಡಬೇಕಾಯಿತು. ಅಣ್ಣನಿಗೆ ಬಿತ್ತಿಗೆಯ ಗಡಿಬಿಡಿ. ಓದು ಬಲ್ಲವಳು ನಾನಿದ್ದೇನಲ್ಲ, ರೈಲು ಹತ್ತಿಸಿ ಬರುತ್ತೇನೆ ಎಂದೆ. ಹೋಟಗಿಯಲ್ಲಿ ಭಾವ ಬಂದು ಇಳಿಸಿಕೊಳ್ಳುವುದೆಂದು ನಿಶ್ಚಯವಾಗಿತ್ತು.

ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲು ಸುಟ್ಟು ಓಡುತ್ತಿದ್ದ ದಿನಗಳು ಅವು. ನಮ್ಮ ಮೋಟಾರು ದಾರಿಯಲ್ಲಿ ಎರಡು ಸಲ ನಿಂತಿತು. ವಿಜಾಪುರದಲ್ಲಿ ಟಾಂಗಾ ಮಾಡಿಕೊಂಡು ಸ್ಟೇಷನ್ ಮುಟ್ಟಿದಾಗ ಎರಡು ಗಾಡಿಗಳು ಆಗಲೇ ಬಂದು ನಿಂತಿದ್ದವು. ಒಂಟಿ ಹಳಿಯ ದಾರಿಯಾದ್ದರಿಂದ ಹೋಟಗಿಗೆ ಹೋಗುವ ಗಾಡಿಯೂ ಗದಗಿಗೆ ಹೋಗುವ ಗಾಡಿಯೂ ಅಲ್ಲಿಯೇ ಒಂದನ್ನೊಂದು ದಾಟಬೇಕು. ಟಿಕೀಟು ಕಿಟಕಿಯ ಮುಂದಿನದು ಒಂದನೇ ನಂಬರಿನ ಕಟ್ಟೆ, ಹಳಿ ದಾಟಿದರೆ ಎರಡನೆಯದು. ಯಾವ ಗಾಡಿ ಯಾವ ಕಟ್ಟೆಗೆ ಎಂಬುದು ದಿನಕ್ಕೊಂದು ತರಹ. ಅದನ್ನು ಸಾರಲು ಲೌಡ್‌ಸ್ಪೀಕರ್ ಆಗ ಎಲ್ಲಿಂದ ಬರಬೇಕು? ಕೆಂಪು ರುಮಾಲು ಸುತ್ತಿದ, ಗಂಟೆ ಬಾರಿಸುವ ಆಳು ಒಬ್ಬ ಕಟ್ಟೆಯ ಈ ತುದಿಯಿಂದ ಆ ತುದಿಗೆ ಕೂಗುತ್ತ ನಡೆಯುತ್ತಿದ್ದ. ಊರ ಹೆಸರುಗಳನ್ನು ಅವನು ಎಷ್ಟು ಎಳೆಯುತ್ತಿದ್ದನೆಂದರೆ, ಎಂಜಿನ್ನಿನ ಬುಸುಗುಟ್ಟುವಿಕೆಯಲ್ಲಿ ಹೋಟಗಿಯೂ ಗದಗೂ ಒಂದೇ ಆಗಿ ಕೇಳುತ್ತಿದ್ದವು. ನನಗೆ ಸರಿಯಾಗಿ ಕೇಳಿದ್ದು ಇಷ್ಟು:

“ಮ್ಯಾಲಿನ ಗಾಡಿ ಒಂದನೇ ನಂಬರ, ಕೆಳಗಿನ ಗಾಡಿ ಎರಡನೇ ನಂಬರ.”

ಮೇಲೆಂದರೆ ಉತ್ತರ. ಹೋಟಗಿ ಇರುವುದು ಉತ್ತರಕ್ಕೆ. ನನ್ನ ಲೆಕ್ಕ ಒಂದು ಕ್ಷಣದಲ್ಲಿ ಮುಗಿಯಿತು. ಯಾರನ್ನಾದರೂ ಕೇಳು ಎಂದು ಅವ್ವ ಅಂದಳು. ಪಾಠ ಹೇಳುವವಳು ನಾನು, ಹಾದಿಹೋಕರನ್ನು ಏನು ಕೇಳುವುದು ಎನಿಸಿತು. ಮುಂದೆಯೇ ನಿಂತಿದ್ದ ಗಾಡಿಯ ಡಬ್ಬಿಯಲ್ಲಿ ಅವ್ವನನ್ನು ಕೂಡಿಸಿದೆ. ಕೆಲವರು ಅದೇ ಡಬ್ಬಿಯೊಳಗಿಂದ ಹಾದು ಆಚೆ ಬಾಗಿಲಿನಿಂದ ಇಳಿದು ಎರಡನೇ ನಂಬರಿನ ಗಾಡಿಗೆ ಹೋಗುತ್ತಿದ್ದರು. ಅವರ ಗಂಟುಮೂಟೆಗಳ ನಡುವೆ ನುಸುಳಿ ನಾನು ಕೆಳಗಿಳಿದೆ.

ಸೀಟಿ ಕೂಗಿತು, ಗಾಡಿ ಜಗ್ಗಿತು, ದಕ್ಷಿಣಕ್ಕೆ ಹೊರಟಿತು.

ಕೊನೆಯ ಡಬ್ಬಿ ದಾಟಿದ ಮೇಲೆ ಎರಡನೇ ನಂಬರಿನ ಗಾಡಿ ಕಣ್ಣಿಗೆ ಬಿತ್ತು. ಅದೂ ಅಲುಗಿ ಉತ್ತರದತ್ತ ಸಾಗಿತು. ನಾನು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. ನನ್ನ ಕಣ್ಣು ದಕ್ಷಿಣದ ಹೊಗೆಯಲ್ಲಿ ನೆಟ್ಟಿತ್ತು.

ಸ್ಟೇಷನ್ ಮಾಸ್ತರರು ವಯಸ್ಸಾದವರು, ಸಮಾಧಾನದವರು. ನಾನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿಕೊಂಡರು. ರೈಲ್ವೆಯವರ ಮೇಲು ಕೆಳಗು ನಕಾಶೆಯದಲ್ಲ, ದೊಡ್ಡ ಕಚೇರಿ ಇರುವ ಕಡೆಗೆ ಹೋಗುವುದೇ ಮೇಲಿನ ಗಾಡಿ, ಆ ಕಚೇರಿ ದಕ್ಷಿಣಕ್ಕೆ ಮದ್ರಾಸಿನಲ್ಲಿದೆ ಎಂದು ತಿಳಿಸಿ ಹೇಳಿದರು. ದಕ್ಷಿಣ ಮೇಲಾಗುವ ಒಂದು ಲೋಕವಿದೆಯೆಂದು ನನಗೆ ಯಾರೂ ಕಲಿಸಿರಲಿಲ್ಲ. ಹುಡುಗಿಯರ ಮುಂದೆ ಕೋಲು ಹಿಡಿದು ನಿಂತ ನನ್ನನ್ನು ನಾನೇ ಕಂಡಂತಾಯಿತು.

ಅವರು ಮುಂದಿನ ಸ್ಟೇಷನ್ನುಗಳಿಗೆ ತಾರು ಕಳಿಸಿದರು: ಹಸಿರು ಸೀರೆ, ಬಲಗಣ್ಣಿಗೆ ಪೊರೆ, ಮುದುಕಿಯನ್ನು ಇಳಿಸಿಕೊಳ್ಳಿರಿ. ತಾಸು ಹೊತ್ತಿನ ಮೇಲೆ ಉತ್ತರ ಬಂತು. ಡಬ್ಬಿ ಡಬ್ಬಿ ಹುಡುಕಿದ್ದಾಯಿತು, ಅಂಥ ಹೆಂಗಸು ಗಾಡಿಯಲ್ಲಿ ಇಲ್ಲ.

ಇಲ್ಲ ಎಂಬ ಮಾತು ಮೊದಲು ನನ್ನ ತಲೆಗೆ ಹೋಗಲೇ ಇಲ್ಲ. ಮಾಸ್ತರರ ಮುಖ ನೋಡಿದ ಮೇಲೆ ಹೋಯಿತು. ಅವರು ಹಳಿ ಕಾಯುವ ಇಬ್ಬರನ್ನು ಕರೆದು ದಾರಿಗುಂಟ ನೋಡಿಕೊಂಡು ಬರಲು ಕಳಿಸಿದರು. ಬೇಡವೆಂದರೂ ಕೇಳದೆ ನಾನು ಅವರ ಹಿಂದೆ ನಡೆದೆ. ಇಬ್ರಾಹಿಂಪುರದ ಹತ್ತಿರ ಜಾಲಿ ಕಂಟಿಯಲ್ಲಿ ಹಸಿರು ಅರಿವೆಯೊಂದು ಕಂಡಿತು. ನಾನು ಅಲ್ಲೇ ನಿಂತೆ. ಅವರಲ್ಲೊಬ್ಬ ಹೋಗಿ ಎತ್ತಿ ನೋಡಿದ. ಯಾರದೋ ಹರಿದ ಕೌದಿಯ ತುಂಡು.

ಬರಿಗೈಯಲ್ಲಿ ತಿರುಗಿ ಬಂದಾಗ ಗಂಟೆಯ ಆಳು ನನ್ನ ದಾರಿ ಕಾಯುತ್ತಿದ್ದ. ಅವನ ಕೈಯಲ್ಲಿ ಒಂದು ಕಾಲಿನ ಕೆರ ಇತ್ತು. ಉಂಗುಟ ಕಿತ್ತು, ದಾರ ಸುತ್ತಿ ಬಿಗಿದದ್ದು. ದಾರ ಸುತ್ತಿಕೊಟ್ಟವಳು ನಾನೇ, ಹಿಂದಿನ ದಿನ, ತಿಕೋಟಾದ ಕಟ್ಟೆಯ ಮೇಲೆ ಕೂತು. ಎಲ್ಲಿ ಸಿಕ್ಕಿತೆಂದು ಕೇಳಲು ಧೈರ್ಯವಾಗಲಿಲ್ಲ. ಹಳಿಯ ಮೇಲೆ ಎಂದು ಅವನೇ ಹೇಳಿದ. ನಾನು ಅಲ್ಲೇ ನೆಲದ ಮೇಲೆ ಕೂತೆ. ಅವನು ನೀರು ಕೊಟ್ಟು, ನಾನು ಕುಡಿಯುವವರೆಗೆ ತಡೆದ.

“ಅಕ್ಕಾರ, ಸ್ವಲ್ಪ ಕೇಳ್ರಿ. ಕೆರ ಬಿದ್ದದ್ದು ಎರಡನೇ ನಂಬರಿನ ಹಳಿ ಮ್ಯಾಲರಿ. ಅಲ್ಲಿ ರಕ್ತ ಇಲ್ಲ, ಏನಿಲ್ಲ. ನಿಮ್ಮವ್ವಾರು ಆ ಗಾಡಿ ಹತ್ಯಾರ ಅಂತ ನನಗನಸ್ತೈತ್ರಿ.”

ಪೊರೆಗಣ್ಣಿನ ಮುದುಕಿ ಎರಡು ಗಾಡಿಗಳ ನಡುವೆ ಇಳಿದು ಮತ್ತೊಂದನ್ನು ಹತ್ತುವುದೆಂದರೇನು? ನಂಬಲು ನನಗಾಗಲಿಲ್ಲ. ಮಾಸ್ತರರು ಮಾತ್ರ ಕೂಡಲೇ ಹೋಟಗಿಗೆ ತಾರು ಬಡಿದರು. ಗಾಡಿ ಅಲ್ಲಿಗೆ ಮುಟ್ಟಬೇಕಲ್ಲ, ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಮಾಸ್ತರರ ಮನೆಯಿಂದ ರೊಟ್ಟಿ ಬಂತು, ನಾನು ಮುಟ್ಟಲಿಲ್ಲ. ಮೂರರ ಸುಮಾರಿಗೆ ಯಂತ್ರ ಟಕಟಕ ಎಂದಿತು. ಅವರು ಬರೆದುಕೊಂಡರು, ಕನ್ನಡಕ ತೆಗೆದು ನನ್ನ ಕಡೆ ನೋಡಿ ಓದಿದರು: ಮುದುಕಿ ಸುಖವಾಗಿ ಇಳಿದಿದ್ದಾಳೆ, ಅಳಿಯ ಕರೆದುಕೊಂಡು ಹೋದ, ಕಾಲಲ್ಲಿ ಒಂದೇ ಕೆರ.

ಗಂಟೆಯ ಆಳು ನಕ್ಕ. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ.

ಅಕ್ಕ ಗಂಡು ಹಡೆದಳು. ಎರಡು ತಿಂಗಳ ಮೇಲೆ ಅವ್ವ ತಿಕೋಟಾಕ್ಕೆ ತಿರುಗಿ ಬಂದಾಗ ನಾನು ರಜೆ ಹಾಕಿ ಹೋದೆ. ಆ ದಿನ ಏನಾಯಿತೆಂದು ಕೇಳಿದೆ. ಆಕೆ ಜೋಳ ಹಸನು ಮಾಡುತ್ತ, ಬೆರಳುಗಳಿಂದಲೇ ಹರಳು ಆರಿಸುತ್ತ ಹೇಳಿದಳು. ನಾನು ಇಳಿದ ಕೂಡಲೇ ಪಕ್ಕದಲ್ಲಿ ಕೂತ ಹೆಂಗಸನ್ನು ಎಲ್ಲಿಗೆ ಹೋಗುತ್ತೀ ಎಂದು ಮಾತಾಡಿಸಿದ್ದಳು. ಆ ಹೆಂಗಸು ಬಾಗಲಕೋಟೆಗೆ ಎಂದಿದ್ದಳು. ತಾನು ಹೋಟಗಿಗೆ ಎಂದು ಅವ್ವ ಹೇಳಿದ್ದೇ ತಡ, ಇಡೀ ಡಬ್ಬಿಯ ಜನ ಎದ್ದು ಆಕೆಯನ್ನು ಆಚೆ ಬಾಗಿಲಿನಿಂದ ಇಳಿಸಿ, ಗಂಟಿನ ಸಮೇತ ಎದುರಿನ ಗಾಡಿಗೆ ಎತ್ತಿ ಹಾಕಿದ್ದರು.

ಎರಡು ಗಾಡಿಗಳ ನಡುವೆ ಇಳಿಯಲು ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆ.

“ಹೆದರಾಕ ಹೊತ್ತೆಲ್ಲಿತ್ತ ಬೇ? ನಿಂದ ಚಿಂತಿ ಆತು ನನಗ. ಆ ಗಾಡಿ ಹೋದ ಮ್ಯಾಲೆ ನಿನ್ನ ಹಳದಿ ಸೀರಿ ಕಾಣಾಕತ್ತಿತ್ತು. ಕಿಡಿಕ್ಯಾಗಿಂದ ಕೈ ಮಾಡೀನಿ, ಒದರೀನಿ. ನೀ ಅತ್ತಾಗ ಮುಖ ಮಾಡಿ ನಿಂತಿದ್ದಿ.”

ಹೀಗೆ ಹೇಳಿ ಅವ್ವ ಮೊರ ಎತ್ತಿ ಜೋಳ ಕೇರತೊಡಗಿದಳು. ಬಿಸಿಲಿನಲ್ಲಿ ಹೊಟ್ಟು ಹಾರಿತು.