ಬೈಯಲು ಬಾರದ ಸೂಪರ್‌ವೈಸರ್

ಮಧುಗಿರಿ ಬಸ್ ನಿಲ್ದಾಣದಲ್ಲಿ ನಾನು ಇಪ್ಪತ್ತಾರು ವರ್ಷ ಕಂಟ್ರೋಲರ್ ಆಗಿದ್ದೆ. ಪಾವಗಡದ ಗಾಡಿ ಆರೂ ಹತ್ತಕ್ಕೆ ಎಂದರೆ ಆರೂ ಹತ್ತಕ್ಕೇ ಹೊರಡಬೇಕು. ಒಂದು ನಿಮಿಷ ತಡವಾದರೂ ಕಾರಣ ಬರೆಯಬೇಕು. ನಿವೃತ್ತಿಯ ಮರುದಿನವೂ ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಕುಳಿತೆ. ಹೋಗಲು ಜಾಗವಿರಲಿಲ್ಲ. ಆರು ತಿಂಗಳು ಆನ್‌ಲೈನ್ ತರಗತಿ ಕೇಳಿ, ನಾಯಕತ್ವ ಕಲಿಸುವ ಸರ್ಟಿಫಿಕೇಟ್ ಪಡೆದು, ಮನೆ ಮುಂದೆ ‘ಕೆರಿಯರ್ ಕೋಚ್’ ಎಂದು ಬೋರ್ಡ್ ಹಾಕಿಸಿದೆ.

“ಏನ್ ಸಾರ್, ಬಸ್ ಬುಟ್ಟು ರೈಲಿಗೆ ಹೋದ್ರಾ? ಕೋಚಂತೆ!” ಎಂದ ಹಳೆಯ ಡ್ರೈವರೊಬ್ಬ. ಟೀ ಅಂಗಡಿಯೆಲ್ಲ ನಕ್ಕಿತು. ನಾನು ನಗಲಿಲ್ಲ.

ಮೊದಲು ಕರೆದವರು ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಮ್ಯಾನೇಜರ್. ಹತ್ತು ವರ್ಷ ಮಿಷನ್ ತುಳಿದ ಹೆಂಗಸೊಬ್ಬಳನ್ನು ಅವರು ಒಂದು ಸಾಲು ಮಿಷನ್‌ಗಳ ಮೇಲೆ ಲೈನ್ ಸೂಪರ್‌ವೈಸರ್ ಮಾಡಿದ್ದರು. “ಕೆಲ್ಸ ಚೆನ್ನಾಗಿ ಗೊತ್ತು ಸಾರ್, ಆದ್ರೆ ಬಾಯಿಲ್ಲ. ಬೈಯೋಕೇ ಬರಲ್ಲ. ಹದಿನೈದು ದಿನದಲ್ಲಿ ಲೀಡರ್‌ಶಿಪ್ ಕಲಿಸಿ. ಕಲೀಲಿಲ್ಲ ಅಂದ್ರೆ ವಾಪಸ್ ಮಿಷನ್‌ಗೆ ಕೂರಿಸ್ತೀನಿ.”

ನನಗೆ ಮೈ ಉರಿಯಿತು. ಬೈಯುವುದು ನಾಯಕತ್ವವೇ? ನನ್ನ ಸೇವೆಯಲ್ಲಿ, ನನ್ನ ಮಗನ ವಯಸ್ಸಿನ ಕಂಡಕ್ಟರನನ್ನೂ ‘ನೀವು’ ಎಂದೇ ಮಾತಾಡಿಸಿದವನು ನಾನು. ಕಲಿಸಿ ತೋರಿಸುತ್ತೇನೆಂದು ಒಪ್ಪಿಕೊಂಡೆ.

ಆಕೆ ದೊಡ್ಡೇರಿ ಕಡೆಯವಳು. ದಿನಾ ಸಂಜೆ ಐದೂವರೆಗೆ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಪಾಠ. ಬೈಯುವ ಮಾತೆತ್ತಿದರೆ, “ಬೈದ್ರೆ ಹೆಂಗ್ ಹೊಲೀತಾರೆ ಸಾರ್? ಕಣ್ಣಾಗ್ ನೀರಿದ್ರೆ ದಾರ ಕಾಣಕಿಲ್ಲ” ಎಂದಳು. ಬೈಯುವುದು ಬೇಡ, ಆದರೆ ಸ್ಥಾನಕ್ಕೆ ತಕ್ಕ ಅಂತರ ಬೇಕು ಎಂದೆ ನಾನು. ನಾಳೆಯಿಂದ ಲೈನಿನ ಎಲ್ಲರಿಗೂ ನೀವು, ಬನ್ನಿ, ಕೊಡಿ. ತರಗತಿಯಲ್ಲಿ ಹೇಳಿಕೊಟ್ಟಂತೆ ಕಾಗದದ ಮೇಲೆ ನಂಬರ್ ಹಾಕಿ ಬರೆದುಕೊಟ್ಟೆ.

“ಎಲ್ರಿಗೂವಾ ಸಾರ್? ನಮ್ ದೊಡ್ಡಮ್ಮನ ಮಗಳೂ ಅದೇ ಲೈನಾಗವ್ಳೆ.”

“ಎಲ್ಲರಿಗೂ. ವಿನಾಯಿತಿ ಇಲ್ಲ.”

ನಾಲ್ಕನೇ ದಿನ ಆಕೆ ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಬಂದಳು. ಕಾಲರ್ ಹೊಲಿಯುವ ಹಿರಿಯ ಹೆಂಗಸು ಇಡೀ ಲೈನಿನ ಎದುರಿಗೇ ಎದ್ದು ನಿಂತು ಕೇಳಿದ್ದಳಂತೆ: “ಲೇ, ಮೊನ್ನೆಗಂಟ ಬಾರಕ್ಕ, ಉಣ್ಣಕ್ಕ ಅಂತಿದ್ದೆ. ಈಗ ಬನ್ನಿ, ಕೂತ್ಕೊಳ್ಳಿ ಅಂತೀಯ. ನಾನೇನ್ ನಿಮ್ಮನೇಗೆ ಹೆಣ್ ನೋಡಕ್ ಬಂದಿವ್ನಾ?” ಎಲ್ಲರೂ ನಕ್ಕರು. ಆಮೇಲೆ ಯಾರೂ ಆಕೆಯನ್ನು ಮಾತಾಡಿಸಲಿಲ್ಲ. ಮಧ್ಯಾಹ್ನ ದೊಡ್ಡಮ್ಮನ ಮಗಳೂ ಬುತ್ತಿ ಎತ್ತಿಕೊಂಡು ದೂರ ಹೋಗಿ ಕುಳಿತಳು. ಲೈನಿನ ಕೆಲಸವೂ ಹಿಂದೆ ಬಿತ್ತು.

ಆ ಸಂಜೆ ನನಗೆ ಬಂದ ಸಿಟ್ಟು ಮ್ಯಾನೇಜರ್ ಮೇಲಲ್ಲ, ನನ್ನ ಮೇಲೆಯೇ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು ನಾನು. ನಮ್ಮಲ್ಲಿ ಹೆತ್ತ ತಾಯಿಗೂ ‘ನೀನು’. ಹತ್ತಿರದವರನ್ನು ‘ನೀವು’ ಎಂದರೆ ಮುನಿಸಿಕೊಂಡಿದ್ದಾರೆ ಎಂದೇ ಅರ್ಥ. ನನ್ನ ಅಕ್ಕ ಒಮ್ಮೆ ಕೋಪ ಮಾಡಿಕೊಂಡು ವರ್ಷಪೂರ್ತಿ ನನ್ನನ್ನು ‘ತಾವು’ ಎಂದಿದ್ದಳು. ಅಷ್ಟು ಗೊತ್ತಿದ್ದವನು, ಯಾರೋ ಪರದೆಯ ಮೇಲೆ ಹೇಳಿದ್ದನ್ನು ಬಡವಳ ಹೊಟ್ಟೆಪಾಡಿನ ಮೇಲೆ ಹೇರಿದ್ದೆ! ಇಪ್ಪತ್ತಾರು ವರ್ಷ ನನ್ನ ‘ನೀವು’ ಕೇಳಿದ ಕಂಡಕ್ಟರುಗಳು ಅದನ್ನು ಏನೆಂದುಕೊಂಡಿದ್ದರೋ!

ಕಾಗದ ಹರಿದು ಹಾಕಿದೆ. “ನಿನಗೆ ತಿಳಿದ ಹಾಗೆ ಮಾಡಮ್ಮ” ಎಂದೆ.

ಮರುದಿನ ಬೆಳಿಗ್ಗೆಯೇ ಆಕೆ ಹಿರಿಯಳ ಮಿಷನ್ ಹತ್ತಿರ ಹೋಗಿ, “ತಪ್ಪಾಯ್ತು ಕಣಕ್ಕ, ಸಾರ್ ಹೇಳ್ಕೊಟ್ಟಿದ್ದು” ಎಂದಳಂತೆ. “ಯಾವ್ ಸಾರ್ಲೇ? ಬಸ್‌ಸ್ಟ್ಯಾಂಡ್ನೋನಾ? ಅವನ್ಗೇನ್ ಗೊತ್ತು ಕಾಲರ್ ಹೊಲಿಯೋದು!” ಹಿರಿಯಳ ಈ ಉತ್ತರವನ್ನೂ ಆಕೆ ನನಗೆ ಮುಚ್ಚಿಡದೆ ಹೇಳಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಂದಿನಿಂದ ಹೊಲಿಗೆ ತಪ್ಪಿದ ಕಡೆಯೆಲ್ಲ ತಾನೇ ಮಿಷನ್‌ಗೆ ಕುಳಿತು, “ಇಂಗ್ ತಿರುಗ್ಸಕ್ಕ” ಎಂದು ತೋರಿಸುತ್ತ ಹೋದಳು.

ಹದಿನೈದನೇ ದಿನದ ಹೊತ್ತಿಗೆ ಆ ಲೈನ್ ಗುರಿ ಮುಟ್ಟಿತ್ತು. ಲೆಕ್ಕ ನೋಡಿದ ಮ್ಯಾನೇಜರ್, ಬೈಯಲು ಬಾರದಿದ್ದರೂ ಆಕೆಯನ್ನು ಸೂಪರ್‌ವೈಸರಾಗಿಯೇ ಉಳಿಸಿಕೊಂಡರು. ಆಮೇಲೆ ನನ್ನ ಮುಂದೆ ಒಂದು ಫಾರಂ ತಳ್ಳಿ ಸಹಿ ಕೇಳಿದರು. ಅದರಲ್ಲಿ ಬರೆದಿತ್ತು: ‘ತರಬೇತಿ ವಿಫಲ. ಕಾರಣ: ದನಿಯಲ್ಲಿ ಗಡಸು ಬಂದಿಲ್ಲ.’

“ವಿಫಲ ಅನ್ನೋದು ಸರಿ. ಕಾರಣ ತಪ್ಪು” ಎಂದೆ.

“ಫಾರ್ಮಾಲಿಟಿ ಸಾರ್, ಹಾಕ್‌ಬುಡಿ.”

ತಪ್ಪು ಕಾರಣದ ಕೆಳಗೆ ನಾನು ಎಂದೂ ಸಹಿ ಹಾಕಿದವನಲ್ಲ. ಆ ಸಾಲನ್ನು ಹೊಡೆದುಹಾಕಿ, ನನ್ನ ಕೈಯಲ್ಲೇ ಬರೆದೆ: ‘ಕಾರಣ: ಆಕೆಗೆ ಬರುತ್ತಿದ್ದುದನ್ನು ತರಬೇತುದಾರ ಕೆಡಿಸಲು ಹೋದದ್ದು.’ ಸಹಿ ಹಾಕಿ, ಕೆಳಗೆ ವೇಳೆ ನಮೂದಿಸಿ, ಎದ್ದು ಬಂದೆ.