ಎಲೆ ಒರೆಸುತ್ತಿದ್ದ ದೊಡ್ಡಮ್ಮ

ಅವರ ಬಲಗೈ ಹೆಬ್ಬೆರಳಿನ ಉಗುರಂಚು ಸದಾ ಹಸಿರಾಗಿರುತ್ತಿತ್ತು. ರೋಗ ತಗುಲಿದ ಎಲೆಗಳನ್ನು ಉಗುರಿನಲ್ಲೇ ಚಿವುಟಿ ಚಿವುಟಿ ಹಿಡಿದ ಬಣ್ಣ ಅದು. ಸೋಪಿಗೂ ಹೋಗುತ್ತಿರಲಿಲ್ಲ.

ನಾನು ಹೊನ್ನವಳ್ಳಿಗೆ ಸೊಸೆಯಾಗಿ ಬಂದಾಗ ಅವರು ಪಕ್ಕದ ಮನೆಯಲ್ಲಿದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಬೀದಿಗೆಲ್ಲ ದೊಡ್ಡಮ್ಮ. ತವರಿನಿಂದ ತಂದು ಹಿತ್ತಲಲ್ಲಿ ನೆಟ್ಟಿದ್ದ ನನ್ನ ಮಲ್ಲಿಗೆ ಬೋರ್‌ವೆಲ್ಲಿನ ಗಡಸು ನೀರಿಗೆ ಹಳದಿ ತಿರುಗಿತ್ತು. ಬೇಲಿಯಾಚೆಯಿಂದ ನೋಡಿದವರು ತಾವಾಗಿಯೇ ಬಂದು ಹುಳಿ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹುಯ್ದರು. ಅಲ್ಲಿಂದ ದಿನಾ ಬೆಳಿಗ್ಗೆ ಬರತೊಡಗಿದರು. ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯ ಹಿಂಬದಿ ಒರೆಸುವರು. ನುಸಿ ಕಂಡರೆ ಸಂಜೆ ಬೇವಿನೆಣ್ಣೆ ಬೆರೆಸಿದ ಸೋಪಿನ ನೀರು ಚಿಮುಕಿಸುವರು.

“ಮೇಲ್ಗಡೆ ನೋಡಿ ಚೆನ್ನಾಗೈತೆ ಅನ್ಕಬೇಡ ಕಣವ್ವ. ತಿರುಗ್ಸಿ ನೋಡು,” ಅನ್ನುತ್ತಿದ್ದರು.

ಮೊಗ್ಗು ಬಂದರೆ ಮಾತ್ರ ದೂರ ಸರಿಯುವರು. ಕಿತ್ತುಕೊಳ್ಳಿ ಎಂದರೆ, “ಹೂವಿನ ಸುದ್ದಿ ನಂಗ್ಯಾಕೆ ಬುಡು. ಎಲೆ ನೋಡ್ಕಂತೀನಿ,” ಎಂದು ಹೊರಟುಬಿಡುವರು.

ಹಾಗಿದ್ದವರು ನನ್ನ ಸೀಮಂತದ ಹಿಂದಿನ ದಿನ, ನಿನಗೆ ಒಂದು ಮೊಳ ನಾನೇ ಕಟ್ಟಿಕೊಡಲೇ ಎಂದು ಕೇಳಿದರು. ನಾನು ಖುಷಿಯಿಂದ ಒಪ್ಪಿದೆ. ಮರುದಿನ ಬಾಳೆಲೆಯಲ್ಲಿ ಸುತ್ತಿದ ಮಾಲೆ ಹಿಡಿದು ಹೊಸಿಲ ಬಳಿ ನಿಂತರು. ನಮ್ಮತ್ತೆ ನನ್ನ ಪಕ್ಕದಲ್ಲೇ ಇದ್ದರು. ದನಿ ಏರಿಸದೆ, “ಶುಭದ ದಿನ. ಆ ಕೈಯ ಹೂವು ಬ್ಯಾಡ,” ಎಂದರು. ತಿಪಟೂರಿನಿಂದ ತರಿಸಿದ್ದ ಹೂವನ್ನು ನನ್ನ ಜಡೆಗೆ ಮುಡಿಸಿದರು. ದೊಡ್ಡಮ್ಮ ನನ್ನ ಮುಖ ನೋಡಿದರು. ನಾನು ಬಳೆ ಎಣಿಸುವವಳಂತೆ ತಲೆ ತಗ್ಗಿಸಿದೆ. ಮತ್ತೆ ತಲೆ ಎತ್ತಿದಾಗ ಹೊಸಿಲ ಮೇಲೆ ಬಾಳೆಲೆಯ ಪೊಟ್ಟಣವಷ್ಟೇ ಇತ್ತು.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಹಿಂಡುವ ಸದ್ದು ಕೇಳಿತು. ಎಂದಿನಂತೆ ಬಂದಿದ್ದರು. ಹೊರಗೆ ಹೋಗಲು ನನಗೆ ಮುಖವಿರಲಿಲ್ಲ. ಅವರು ಮುಂದೆಂದೂ ಆ ಮಾತೆತ್ತಲಿಲ್ಲ, ನಾನು ತಪ್ಪಾಯಿತು ಎನ್ನಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು. ಈಗಲೂ ಕೆಲವು ದಿನ ಬೆಳಿಗ್ಗೆ ಆ ಸದ್ದು ಕೇಳುತ್ತದೆ. ಎದ್ದು ಹೋಗಿ ನೋಡಿದರೆ ಗಿಡವೊಂದೇ ಇರುತ್ತದೆ, ಕಡುಹಸಿರಾಗಿ.

ಹೋದ ಬೇಸಿಗೆಯಲ್ಲಿ ಮೂರು ದಿನದ ಜ್ವರದಲ್ಲಿ ಅವರು ತೀರಿಕೊಂಡರು. ಗಿಡದ ತುಂಬ ಹೂವಿತ್ತು. ಅಷ್ಟನ್ನೂ ಬಿಡಿಸಿ, ಕಟ್ಟಿ, ಅವರಿಗೆ ಮುಡಿಸಲೇಬೇಕೆಂದು ಹೋದೆ. ಜಗಲಿಯ ಮೇಲೆ ಮಲಗಿಸಿದ್ದರು. ಸುತ್ತ ಬೀದಿಯ ಹೆಂಗಸರೆಲ್ಲ ಕೂತಿದ್ದರು, ನಮ್ಮತ್ತೆಯೂ ಇದ್ದರು. ಮಾಲೆ ಹಿಡಿದ ಕೈ ಅವರ ನೆರೆತ ತುರುಬಿನವರೆಗೂ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಮಾಲೆಯನ್ನು ಪಾದದ ಮೇಲಿಟ್ಟು ಹಿಂದೆ ಸರಿದೆ.

“ಹೆತ್ತ ಮಗಳೂ ಇಷ್ಟು ಮಾಡಲ್ಲ ಕಣೇ,” ಎಂದು ಯಾರೋ ಕಣ್ಣೊರೆಸಿಕೊಂಡರು.