ಮುಂದಿನ ಸಾಲಿನಲ್ಲಿ ಕೂತ ಅವ್ವ

ನನ್ನ ತಾಯಿ ಚಿಕ್ಕಂದಿನಲ್ಲಿ ಧಾರವಾಡದಲ್ಲಿ ಅಕ್ಕ, ಅಣ್ಣಂದಿರ ಜೊತೆ ವೇದಿಕೆಯ ಮೇಲೆ ಹಾಡುತ್ತಿದ್ದರು. ಅವರ ಮನೆಯ ಕಥೆಯೇ ಸಿನಿಮಾ ಆಯಿತು. ಲಂಡನ್ನಿನ ಕನ್ನಡಿಗರಿಗೆ ಅದನ್ನು ಎಷ್ಟು ಸಲ ನೋಡಿದರೂ ಸಾಲದು. ಅದರ ಅತಿ ಸಿಹಿಗೆ ನನಗೆ ಮೈ ಉರಿಯುತ್ತದೆ. ಈ ದೀಪಾವಳಿಗೂ ಎಜ್‌ವೇರ್‌ನ ಹಾಲ್‌ನಲ್ಲಿ ಅದನ್ನೇ ಹಾಕಿದರು. ಕೊನೆಯ ಹಾಡಿನಲ್ಲಿ ಮಕ್ಕಳು ನಗುನಗುತ್ತಾ ಹಾಡುತ್ತಾರೆ, ಅವರ ತಾಯಿ ಮುಂದಿನ ಸಾಲಿನಲ್ಲಿ ಕೂತು ತಾಳ ಹಾಕುತ್ತಾಳೆ. ಹಾಲ್‌ ತುಂಬ ಚಪ್ಪಾಳೆ.

“ಅಜ್ಜಿ, ಈಸ್ ದಟ್ ಯುವರ್ ಮಮ್?” ಎಂದು ನನ್ನ ಮಗಳು ಪಕ್ಕದಲ್ಲಿ ಕೂತಿದ್ದ ಅಮ್ಮನನ್ನು ಕೇಳಿದಳು.

ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ನಮ್ಮವ್ವ ಅವತ್ತು ಮುಂಜಾನೆನ ತೀರಿಕೊಂಡಿದ್ಲು. ಸೂತಕ ಅಂತ ಗೊತ್ತಾದ್ರ ಕಾರ್ಯಕ್ರಮ ನಿಲ್ಲತದ ಅಂತ ಅಪ್ಪ ಬಾಗಲಾ ಹಾಕಿ ನಮ್ಮನ್ನ ಕರಕೊಂಡು ಹೋದ್ರು. ಹಾಡಿ ಬಂದ ಮ್ಯಾಲೆ ಅಳ್ರಿ ಅಂದ್ರು.”